‘ಮಿಸೆರೆರೆ’ ಮಾಲೆಯ 46ನೇ ಅಚ್ಚು: ಪೆನ್ಸಿಲ್ ಸಹಿ ಇಲ್ಲದಿದ್ದರೂ ಕೊಳ್ಳಬಹುದಾ?

ಕೋಠಿಮನೆ

ಎಲ್ಲರಿಗೂ ನಮಸ್ಕಾರ. ಅಚ್ಚು ಚಿತ್ರ ಸಂಗ್ರಹಿಸುವವರು ಇಲ್ಲಿ ಕೆಲವರಿದ್ದೀರಿ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ಫ್ರೆಂಚ್ ಕಲಾವಿದ ಜಾರ್ಜ್ ರುವೋ ಅವರ ‘ಮಿಸೆರೆರೆ’ ಮಾಲೆಯಲ್ಲಿ 58 ಚಿತ್ರಗಳಿವೆ. ಎಲ್ಲವೂ ತಾಮ್ರದ ತಗಡಿನಿಂದ ತೆಗೆದ ಕಪ್ಪು ಬಿಳುಪಿನ ಅಚ್ಚುಗಳು. ಅದರಲ್ಲಿ 46ನೆಯದು ನನಗೆ ಬೇಕು. ಎರಡು ವರ್ಷದಿಂದ ಹುಡುಕುತ್ತಿದ್ದೆ. ಈಗ ಒಂದೇ ವಾರದಲ್ಲಿ ಎರಡು ಕಡೆ ಸಿಕ್ಕಿದೆ.

ಒಂದು ಪ್ಯಾರಿಸ್ಸಿನ ವ್ಯಾಪಾರಿಯೊಬ್ಬರ ಹತ್ತಿರ ಇದೆ. 900 ಯೂರೋ ಹೇಳುತ್ತಿದ್ದಾರೆ. ಆದರೆ ಹಾಳೆಯ ಮೇಲೆ ಪೆನ್ಸಿಲ್ ಸಹಿ ಇಲ್ಲ, ನಂಬರೂ ಇಲ್ಲ. ಇನ್ನೊಂದು ಆನ್‌ಲೈನಿನಲ್ಲಿ, 280 ಯೂರೋ. ಅದಕ್ಕೆ ಕೆಳಗೆ ಬಲಗಡೆ ಪೆನ್ಸಿಲ್ ಸಹಿ ಇದೆ, ಎಡಗಡೆ ‘112/450’ ಅಂತ ಬರೆದಿದೆ. ಮನೆಯಲ್ಲಿ ಎಲ್ಲರೂ ಸಹಿ ಇರುವುದನ್ನೇ ತಗೋ ಅನ್ನುತ್ತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ.

46ನೆಯದೇ ಯಾಕೆ ಅಂದರೆ, ಆ ಚಿತ್ರಕ್ಕೆ ರುವೋ ಕೊಟ್ಟ ಶೀರ್ಷಿಕೆ ಹೀಗಿದೆ: ‘ಸಜ್ಜನನು ಗಂಧದ ಮರದ ಹಾಗೆ, ತನ್ನನ್ನು ಕಡಿಯುವ ಕೊಡಲಿಗೂ ಪರಿಮಳ ಹಚ್ಚುತ್ತಾನೆ.’ ನಮ್ಮ ತಾತ ಹಾಸನದ ಗಂಧದ ಕೋಠಿಯಲ್ಲಿ ಕೆಲಸಕ್ಕಿದ್ದವರು. ಅವರ ಬಾಚಿ ಈಗಲೂ ಊರ ಮನೆಯ ಅಟ್ಟದಲ್ಲಿದೆ. ಚಿಕ್ಕಂದಿನಲ್ಲಿ ಅದರ ಹಿಡಿಯನ್ನು ಮೂಸಿ ನೋಡುತ್ತಿದ್ದೆ. ಬೆವರು, ಎಣ್ಣೆ, ಕಬ್ಬಿಣ ಎಲ್ಲದರ ಕೆಳಗೆ ಎಲ್ಲೋ ಗಂಧದ ವಾಸನೆ ಸಿಗುತ್ತಿತ್ತು. ಪ್ಯಾರಿಸ್ಸಿನಲ್ಲಿ ಕೂತ ಒಬ್ಬ ಮನುಷ್ಯ ಅದನ್ನೇ ಒಂದು ಚಿತ್ರದ ಹೆಸರು ಮಾಡಿದ್ದಾನೆ ಅಂತ ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಯಾವುದನ್ನು ತಗೊಳ್ಳಲಿ?

ಲಿಯೋನ್_ಕನ್ನಡಿಗ

280 ಯೂರೋದ್ದನ್ನು ಮುಟ್ಟಬೇಡಿ. ಉಳಿದದ್ದು ಆಮೇಲೆ ಬರೆಯುತ್ತೇನೆ, ಈಗ ಕೆಲಸದಲ್ಲಿದ್ದೇನೆ.

ಬಿಳಿಹಾಳೆ

ಯಾಕೆ ಸರ್? ಸಹಿ ಇರುವುದೇ ಅಸಲಿ ಅಲ್ವಾ? ಲಿಮಿಟೆಡ್ ಎಡಿಷನ್ ಅಂದರೆ ನಂಬರ್ ಇರಲೇಬೇಕು ಅಂತ ಎಲ್ಲ ಕಡೆ ಓದಿದ್ದೇನೆ.

ತಾಮ್ರದತಗಡು

ಅದೇ ತಪ್ಪು ತಿಳಿವಳಿಕೆ. ಇವತ್ತಿನ ಕಲಾವಿದರ ಪ್ರಿಂಟ್‌ಗೆ ಆ ನಿಯಮ ಸರಿ. ಎಲ್ಲ ಕಾಲಕ್ಕೂ ಎಲ್ಲರಿಗೂ ಸರಿಯಲ್ಲ.

‘ಮಿಸೆರೆರೆ’ ಹಾಳೆಗಳಿಗೆ ರುವೋ ಒಂದೊಂದಕ್ಕೂ ಪೆನ್ಸಿಲ್ ಸಹಿ ಹಾಕಲಿಲ್ಲ. ಅವರ ಹೆಸರಿನ ಮೊದಲಕ್ಷರಗಳು ತಗಡಿನಲ್ಲೇ ಇರುತ್ತವೆ. ಎಷ್ಟೋ ತಗಡುಗಳಲ್ಲಿ ಇಸವಿಯೂ ಇರುತ್ತದೆ. ಅದು ಅಚ್ಚಿನ ಜೊತೆಗೇ ಬರುವ ಸಹಿ. ನಂಬರು ಇರುವುದು ಇಡೀ ಮಾಲೆಗೆ. 58 ಹಾಳೆಗಳನ್ನು ಹೊಲಿಯದೆ ಬಿಡಿಯಾಗಿ ಒಂದು ದೊಡ್ಡ ಪೆಟ್ಟಿಗೆಯಂಥ ಫೋಲ್ಡರ್‌ನಲ್ಲಿ ಇಟ್ಟು ಮಾರಿದರು. ಆ ಫೋಲ್ಡರ್ ಜೊತೆ ಬರುವ ಮುದ್ರಣ ವಿವರದ ಪುಟದಲ್ಲಿ ನಂಬರ್ ಇರುತ್ತದೆ. ಮಾಲೆ ಒಡೆದು ಬಿಡಿಬಿಡಿಯಾಗಿ ಮಾರಿದ ಮೇಲೆ ಆ ಪುಟ ಒಬ್ಬರ ಪಾಲಿಗೆ ಹೋಗುತ್ತದೆ, ಚಿತ್ರ ಇನ್ನೊಬ್ಬರ ಪಾಲಿಗೆ.

ಹಾಗಾಗಿ ನಿಮ್ಮ 900 ಯೂರೋದ ಹಾಳೆಯಲ್ಲಿ ಏನೂ ಬರೆದಿಲ್ಲ ಅನ್ನುವುದು ಸಹಜ. ‘112/450’ ಅಂತ ಬರೆದಿರುವುದೇ ಅನುಮಾನ.

ವಾದಕ್ಕೆವಾದ

450 ಪ್ರತಿ, 58 ಚಿತ್ರ. ಲೆಕ್ಕ ಹಾಕಿ, 26,100 ಹಾಳೆ. ಇದನ್ನು ಲಿಮಿಟೆಡ್ ಅಂತ ಕರೆಯುವುದೇ ನನಗೆ ಸರಿ ಕಾಣುತ್ತಿಲ್ಲ. ನಮ್ಮೂರಲ್ಲಿ ಲಗ್ನಪತ್ರಿಕೆ ಕೂಡ ಇಷ್ಟು ಹೊಡೆಸುವುದಿಲ್ಲ.

ಲಿಯೋನ್_ಕನ್ನಡಿಗ

ಬಂದೆ. ಮೊದಲು @ವಾದಕ್ಕೆವಾದ ಅವರಿಗೆ.

ನಿಮ್ಮ ಲೆಕ್ಕ ಸರಿ, ಅದರ ಅರ್ಥ ಸರಿಯಿಲ್ಲ. ಒಂದೊಂದು ಚಿತ್ರಕ್ಕೆ 450 ಅಚ್ಚು ಮಾತ್ರ. 425ಕ್ಕೆ ಸಾಮಾನ್ಯ ನಂಬರ್, 25ಕ್ಕೆ ರೋಮನ್ ನಂಬರ್. ಆ 25 ಮಾರಾಟಕ್ಕಲ್ಲದ ಪ್ರತಿಗಳು, ಫ್ರೆಂಚರು ‘ಎಚ್.ಸಿ.’ ಅನ್ನುತ್ತಾರೆ. ಅಚ್ಚು ತೆಗೆದ ಮೇಲೆ ತಗಡುಗಳನ್ನು ರದ್ದು ಮಾಡಿದರು. ಮತ್ತೆ ಅದೇ ತಗಡಿನಿಂದ ಹೊಸ ಪ್ರತಿ ತೆಗೆಯಲು ಆಗದು. ಎಷ್ಟೋ ಪೂರ್ತಿ ಮಾಲೆಗಳು ಮ್ಯೂಸಿಯಂಗಳಲ್ಲಿವೆ, ಅವು ಇನ್ನು ಮಾರುಕಟ್ಟೆಗೆ ಬರುವುದಿಲ್ಲ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿದೆ. ಟೋಕಿಯೋದಲ್ಲಿ ಪ್ಯಾನಾಸೋನಿಕ್ ಕಂಪನಿಯ ಮ್ಯೂಸಿಯಂ ಇದೆ, ಅಲ್ಲಿ ರುವೋ ಸಂಗ್ರಹವೇ ಮುಖ್ಯ. ಜಪಾನಿನವರಿಗೆ ರುವೋ ಅಂದರೆ ಬಹಳ ಪ್ರೀತಿ.

ಇನ್ನು ಮಾಲೆಯ ಕತೆ. 1912ರಲ್ಲಿ ರುವೋ ತಂದೆ ತೀರಿಕೊಂಡರು. ಆ ದುಃಖದಲ್ಲಿ ಶಾಯಿಯಲ್ಲಿ ಚಿತ್ರ ಬಿಡಿಸಲು ಶುರು ಮಾಡಿದರು. ಎರಡು ವರ್ಷಕ್ಕೆ ಮೊದಲ ಮಹಾಯುದ್ಧ ಬಂತು. ತಾಯಂದಿರು, ಸೈನಿಕರು, ಕೋಡಂಗಿಗಳು, ನ್ಯಾಯಾಧೀಶರು, ಕ್ರಿಸ್ತ ಎಲ್ಲರೂ ಅದರಲ್ಲಿ ಬಂದು ಸೇರಿದರು. ಪ್ರಕಾಶಕರು ಆಂಬ್ರೋಯಿಸ್ ವೊಲಾರ್. ಅವರ ಯೋಜನೆಯಲ್ಲಿ ಎರಡು ಸಂಪುಟ, 100 ಚಿತ್ರ ಇದ್ದವು. ಕವಿ ಆಂದ್ರೆ ಸ್ವಾರೆಸ್ ಬರಹ ಕೊಡಬೇಕಿತ್ತು. ಕೊನೆಗೆ ಉಳಿದದ್ದು 58 ಚಿತ್ರ. ಜಾಕ್‌ಮ್ಯಾಂ ಅವರ ಮುದ್ರಣಾಲಯದಲ್ಲಿ 1922ರಿಂದ 1927ರವರೆಗೆ ಅಚ್ಚು ತೆಗೆದರು.

ಆದರೆ ಪ್ರಕಟವಾಗಿದ್ದು 1948ರಲ್ಲಿ! ವೊಲಾರ್ ಮುಂದೂಡುತ್ತಲೇ ಹೋದರು. 1939ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಎರಡನೇ ಮಹಾಯುದ್ಧ. ಅಚ್ಚಾದ ಹಾಳೆಗಳು 20 ವರ್ಷಕ್ಕೂ ಜಾಸ್ತಿ ಕಾಲ ಕಟ್ಟಿಟ್ಟಲ್ಲೇ ಇದ್ದವು. ಬಿಡುಗಡೆ ಆದಾಗ ರುವೋಗೆ 77 ವರ್ಷ.

ಮಂಗಳೂರು_ಮಳೆ

ಮಾರಾಯ್ರೆ, 20 ವರ್ಷ ಕಟ್ಟಿಟ್ಟ ಕಾಗದ ನಮ್ಮ ಊರಲ್ಲಾದರೆ ಎರಡೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಹೋಗುತ್ತಿತ್ತು.

ಅಂಚೆಚೀಟಿ

ಚಿತ್ರಕಾರ ಚಾಗಾಲ್ ಅವರಿಗೂ ಇದೇ ಆಗಿದೆ. ರಷ್ಯಾದ ಲೇಖಕ ಗೊಗೊಲ್ ಅವರ ಕಾದಂಬರಿಗೆ ವೊಲಾರ್ ಮಾಡಿಸಿದ, ಆಸಿಡ್ ತಿಂದ ತಗಡಿನಿಂದ ತೆಗೆಯುವ ಎಚಿಂಗ್‌ಗಳು ಕೂಡ ಹೊರಬಂದದ್ದು 1948ರಲ್ಲೇ, ಬೇರೆ ಪ್ರಕಾಶಕರಿಂದ. ವೊಲಾರ್‌ಗೆ ಮಾಡಿಸುವ ಹುಮ್ಮಸ್ಸು ಜಾಸ್ತಿ, ಮುಗಿಸುವ ಅವಸರ ಕಮ್ಮಿ. ಆದರೂ ಆ ಮನುಷ್ಯ ದುಡ್ಡು ಹಾಕದಿದ್ದರೆ ಇವು ಯಾವುವೂ ಹುಟ್ಟುತ್ತಿರಲಿಲ್ಲ. ಅದನ್ನು ಮರೆಯಬಾರದು.

ವಾದಕ್ಕೆವಾದ

ಸರಿ, 450ರ ಮಾತು ಒಪ್ಪಿದೆ. ಇನ್ನೊಂದು ಪ್ರಶ್ನೆ. ಇದನ್ನು ಕೆತ್ತನೆ ಅಂತ ಕರೆಯಬಹುದಾ? ವೊಲಾರ್ ಆ ಚಿತ್ರಗಳ ಫೋಟೋ ತೆಗೆಸಿ ತಾಮ್ರದ ಮೇಲೆ ಇಳಿಸಿದರು ಅಂತ ಓದಿದ್ದೇನೆ. ಫೋಟೋದಿಂದ ಬಂದದ್ದು ಕಲಾವಿದನ ಕೈಕೆಲಸ ಹೇಗಾಗುತ್ತದೆ? ಜನರಿಂದ 900 ಯೂರೋ ತಗೊಳ್ಳುವ ಮೊದಲು ಈ ಮಾತು ಹೇಳಬೇಕಲ್ಲ?

ಸುಂಕದಕಟ್ಟೆ

ಒಳ್ಳೆಯ ಪ್ರಶ್ನೆ. ನನ್ನ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆ. ಆಮದು ಸರಕಿನ ಕಾಗದ ಪತ್ರ ಮಾಡುವವನು ನಾನು.

ಸುಂಕದ ಪಟ್ಟಿಯಲ್ಲಿ 97ನೇ ಅಧ್ಯಾಯ ಕಲಾಕೃತಿಗಳದ್ದು. 9702 ಅಂದರೆ ‘ಮೂಲ ಕೆತ್ತನೆ, ಪ್ರಿಂಟ್, ಲಿಥೋಗ್ರಾಫ್’. ಅದರ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಕಲಾವಿದ ಪೂರ್ತಿ ಕೈಯಿಂದಲೇ ಮಾಡಿದ ತಗಡಿನಿಂದ ನೇರವಾಗಿ ತೆಗೆದ ಅಚ್ಚು ಆಗಿರಬೇಕು, ಯಂತ್ರದ ಅಥವಾ ಫೋಟೋದ ವಿಧಾನ ಸೇರಿರಬಾರದು. ಸುಮ್ನೆ ಅಚ್ಚು ಹಾಕಿದ ಚಿತ್ರವಾದರೆ ಅದು 49ನೇ ಅಧ್ಯಾಯಕ್ಕೆ ಹೋಗುತ್ತದೆ. ಹಾಗಾಗಿ ತರಿಸುವವರು ಬಿಲ್ಲಿನಲ್ಲಿ ಬರೀ ‘ಪ್ರಿಂಟ್’ ಅಂತ ಬರೆಸಬೇಡಿ. ಕಲಾವಿದ, ವಿಧಾನ, ಅಚ್ಚಾದ ವರ್ಷ, ಕ್ಯಾಟಲಾಗ್ ನಂಬರ್ ಎಲ್ಲ ಬರೆಸಿ. ರುವೋ ಹಾಳೆಯ ವಿಷಯದಲ್ಲಿ ಅಧಿಕಾರಿ ಪ್ರಶ್ನೆ ಕೇಳಿದರೆ ಉತ್ತರ ಕೊಡಲು ಕಾಗದ ಕೈಯಲ್ಲಿರಲಿ.

ತಾಮ್ರದತಗಡು

ಇಲ್ಲಿ ನಾನು ಉದ್ದ ಬರೆಯಲೇಬೇಕು. 18 ವರ್ಷದಿಂದ ಎಚಿಂಗ್ ಪ್ರೆಸ್ ತಿರುಗಿಸುತ್ತಿದ್ದೇನೆ.

ಫೋಟೋದ ಮಾತು ನಿಜ. ರುವೋ ಮುಚ್ಚಿಡಲೂ ಇಲ್ಲ, ಮಾಲೆಯ ಮುನ್ನುಡಿಯಲ್ಲಿ ತಾವೇ ಬರೆದಿದ್ದಾರೆ. ಮೊದಲು ಶಾಯಿ ಚಿತ್ರ, ಆಮೇಲೆ ವೊಲಾರ್ ಕೇಳಿದ್ದಕ್ಕೆ ಬಣ್ಣದ ಚಿತ್ರ, ಆಮೇಲೆ ಅದನ್ನು ತಾಮ್ರಕ್ಕೆ ಇಳಿಸಿದ್ದು. ಆ ತಗಡು ರುವೋಗೆ ಹಿಡಿಸಲಿಲ್ಲ. ತಮ್ಮ ಮೊದಲ ಗೆರೆಯ ಲಯ ಹೋಯಿತು ಅನ್ನಿಸಿತು. ಅದನ್ನು ವಾಪಸ್ ತರಲು ವರ್ಷಗಟ್ಟಲೆ ಅದೇ ತಗಡುಗಳ ಮೇಲೆ ಕೂತರು. ಅಕ್ವಾಟಿಂಟ್, ಡ್ರೈಪಾಯಿಂಟ್ (ಚೂಪು ಸೂಜಿಯಿಂದ ನೇರವಾಗಿ ತಾಮ್ರವನ್ನು ಗೀರುವುದು), ಹಲ್ಲುಗಾಲಿ, ಅರ, ಉಜ್ಜುವ ಉಳಿ, ಕೈಗೆ ಸಿಕ್ಕಿದ್ದೆಲ್ಲ ಬಳಸಿದರು. ಕೆಲವು ತಗಡುಗಳು 12ರಿಂದ 15 ಹಂತ ದಾಟಿದವು. ಒಂದು ಹಂತ ಅಂದರೆ ತಿದ್ದಿ, ಅಚ್ಚು ತೆಗೆದು, ನೋಡಿ, ಸರಿಯಿಲ್ಲ ಅಂತ ಮತ್ತೆ ತಿದ್ದುವುದು.

ಗೊತ್ತಿಲ್ಲದವರಿಗೆ ಅಕ್ವಾಟಿಂಟ್ ಬಗ್ಗೆ ಹೇಳುತ್ತೇನೆ. ರಾಳವನ್ನು ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ ತಗಡಿನ ಮೇಲೆ ಧೂಳಿನ ಹಾಗೆ ಉದುರಿಸಬೇಕು. ಉಸಿರು ಜೋರಾಗಿ ಬಿಟ್ಟರೂ ಹಾರುತ್ತದೆ. ಕೆಳಗಿನಿಂದ ಬಿಸಿ ಕೊಟ್ಟರೆ ಬಿಳಿ ಧೂಳು ಒಂದು ಕ್ಷಣದಲ್ಲಿ ಕರಗಿ ಪಾರದರ್ಶಕ ಆಗುತ್ತದೆ. ಆ ಕ್ಷಣಕ್ಕೇ ಬಿಸಿ ತೆಗೆಯಬೇಕು. ಆಮೇಲೆ ಆಸಿಡ್. ರಾಳದ ಕಾಳುಗಳ ನಡುವೆ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಸಣ್ಣ ಸಣ್ಣ ಗುಂಡಿಗಳಲ್ಲಿ ಶಾಯಿ ನಿಲ್ಲುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಗುಂಡಿ ಆಳ, ಕಪ್ಪು ಗಾಢ. ಬೆಳಕು ಬೇಕಾದಲ್ಲಿ ಮತ್ತೆ ಉಜ್ಜಿ ಉಜ್ಜಿ ನುಣುಪು ಮಾಡಬೇಕು. ‘ಮಿಸೆರೆರೆ’ಯ ಕಪ್ಪು ಒಂದೇ ಕಪ್ಪಲ್ಲ. ಮಖಮಲ್ಲಿನ ಹಾಗೆ ಆಳ ಇದೆ. ಪಕ್ಕದಲ್ಲೇ ಬೂದು, ಆ ಬೂದಿನಲ್ಲಿ ಉಜ್ಜಿದ ಗೀರುಗಳು ಕಾಣುತ್ತವೆ. 8ನೇ ಚಿತ್ರದ ಕೋಡಂಗಿಯ ಮುಖ ನೋಡಿ, ‘ಬಣ್ಣ ಹಚ್ಚಿಕೊಳ್ಳದವರು ಯಾರು?’ ಅನ್ನುವ ಶೀರ್ಷಿಕೆಯದು. ಅಂಥ ಮುಖ ಕ್ಯಾಮೆರಾದಿಂದ ಬರುವುದಿಲ್ಲ.

ಫೋಟೋ ಅವರಿಗೆ ಕೊಟ್ಟದ್ದು ಅಡಿಗೆರೆ ಮಾತ್ರ. ಅದರ ಮೇಲೆ ಕಟ್ಟಿದ್ದು ಪೂರ್ತಿ ಕೈ.

ವಾದಕ್ಕೆವಾದ

ಕೈಕೆಲಸ ಇಷ್ಟು ಅಂತ ಗೊತ್ತಿರಲಿಲ್ಲ. ಆದರೂ ಕೊಳ್ಳುವವರಿಗೆ ಫೋಟೋ ಅಡಿಪಾಯದ ವಿಷಯ ಹೇಳಬೇಕು. ಆ ಮಾತು ಬಿಡುವುದಿಲ್ಲ.

ತಾಮ್ರದತಗಡು

ಹೇಳಲೇಬೇಕು. ಒಳ್ಳೆಯ ವ್ಯಾಪಾರಿಗಳು ವಿವರಣೆಯಲ್ಲೇ ‘ಹೀಲಿಯೋಗ್ರಾವ್ಯೂರ್ ಮೇಲೆ ಅಕ್ವಾಟಿಂಟ್, ಡ್ರೈಪಾಯಿಂಟ್’ ಅಂತ ಬರೆಯುತ್ತಾರೆ. ಹೀಲಿಯೋಗ್ರಾವ್ಯೂರ್ ಅಂದರೆ ಫೋಟೋದಿಂದ ತಾಮ್ರಕ್ಕೆ ಇಳಿಸುವ ವಿಧಾನ. ಅದು ಬರೆದಿದ್ದರೆ ವ್ಯಾಪಾರಿಗೆ ವಿಷಯ ಗೊತ್ತಿದೆ ಅಂತ ಅರ್ಥ.

ಕೋಠಿಮನೆ

ಪ್ಯಾರಿಸ್ಸಿನವರು ಹಾಗೇ ಬರೆದಿದ್ದಾರೆ! ಇನ್ನೊಬ್ಬರು ಬರೀ ‘ಅಪರೂಪದ ಸಹಿ ಇರುವ ಎಚಿಂಗ್’ ಅಂತ ಹಾಕಿದ್ದಾರೆ.

ನಾನು ಇಬ್ಬರಿಗೂ ಏನು ಕೇಳಬೇಕು ಹೇಳಿ. ಇವತ್ತೇ ಮೇಲ್ ಕಳಿಸುತ್ತೇನೆ.

ಕಾಗದವೈದ್ಯೆ

ಹಳೆಯ ಕಾಗದ ರಿಪೇರಿ ಮಾಡುವುದು ನನ್ನ ಕೆಲಸ. ಇವನ್ನು ಕೇಳಿ.

ಮೊದಲು ಅಳತೆ. ಹಾಳೆಯ ಅಳತೆ ಬೇರೆ, ಚಿತ್ರದ ಅಳತೆ ಬೇರೆ, ಎರಡನ್ನೂ ಕೇಳಿ. ‘ಮಿಸೆರೆರೆ’ ಅಚ್ಚುಗಳು ದೊಡ್ಡವು. ಚಿತ್ರವೇ ಸುಮಾರು 58 ಸೆಂಟಿಮೀಟರ್ ಎತ್ತರ, 42 ಅಗಲ ಇರುತ್ತದೆ. ತಗಡಿನಿಂದ ತಗಡಿಗೆ ಸ್ವಲ್ಪ ಹೆಚ್ಚುಕಮ್ಮಿ. ಹಾಳೆ ಸುಮಾರು 65ಕ್ಕೆ 50. ಆಮೇಲೆ ಇದೇ ಚಿತ್ರಗಳನ್ನು ಚಿಕ್ಕದು ಮಾಡಿ ಪುಸ್ತಕವಾಗಿ ತಂದರು. ಆ ಪುಸ್ತಕದಿಂದ ಪುಟ ಕಿತ್ತು ಮಾರುವವರು ತುಂಬ ಜನ.

ಎರಡನೆಯದು, ಚಿತ್ರದ ಅಂಚು. ತಾಮ್ರದ ತಗಡನ್ನು ಒದ್ದೆ ಕಾಗದದ ಮೇಲೆ ಪ್ರೆಸ್ಸಿನಲ್ಲಿ ಒತ್ತಿದಾಗ ಸುತ್ತ ತಗ್ಗು ಮೂಡುತ್ತದೆ. ಬೆರಳಿಗೆ ಸಿಗುತ್ತದೆ. ಓರೆ ಬೆಳಕಿನಲ್ಲಿ ಮೊಬೈಲ್ ಫೋಟೋ ತೆಗೆದು ಕಳಿಸಲು ಹೇಳಿ.

ಮೂರನೆಯದು, ಕಾಗದ. ಇವು ಆರ್ಶ್ ಕಾಗದದ ಮೇಲಿವೆ. ಬೆಳಕಿಗೆ ಹಿಡಿದರೆ ಒಂದೇ ಅಂತರದ ಗೆರೆಗಳು ಕಾಣಬೇಕು. ಆಂಬ್ರೋಯಿಸ್ ವೊಲಾರ್ ಹೆಸರಿನ ವಾಟರ್‌ಮಾರ್ಕ್ ಇದೆಯಾ ನೋಡಲು ಹೇಳಿ. ಹಾಳೆಯ ಹಿಂದಿನಿಂದ ಬೆಳಕು ಬಿಟ್ಟು ತೆಗೆದ ಫೋಟೋ ಬೇಕು.

ಕೊನೆಗೆ, ಭೂತಗನ್ನಡಿಯಲ್ಲಿ 10 ಪಟ್ಟು ದೊಡ್ಡದು ಮಾಡಿ ಕಪ್ಪು ಮತ್ತು ಬೂದು ಸೇರುವ ಜಾಗದ ಫೋಟೋ. ಪತ್ರಿಕೆಯ ಫೋಟೋದಲ್ಲಿ ಕಾಣುವ ಹಾಗೆ ಸಾಲಾಗಿ ಚುಕ್ಕೆ ಕಂಡರೆ ಆಫ್‌ಸೆಟ್. ಮುಗಿಯಿತು.

ಲಿಯೋನ್_ಕನ್ನಡಿಗ

ಮೇಡಂ ಹೇಳಿದ್ದು ಎಲ್ಲ ಸರಿ. ಒಂದು ಸೇರಿಸುತ್ತೇನೆ. ರುವೋ ಅಚ್ಚುಗಳ ಪೂರ್ತಿ ಪಟ್ಟಿಯನ್ನು ಶಾಪೋಂ ಮತ್ತು ರುವೋ ಅವರ ಮಗಳು ಇಸಬೆಲ್ ಸೇರಿ ಮಾಡಿದ್ದಾರೆ. ‘ಮಿಸೆರೆರೆ’ ಅದರಲ್ಲಿ 54ರಿಂದ 111ರವರೆಗೆ. 46ನೇ ಚಿತ್ರ ಅಂದರೆ 99 ಆಗಬೇಕು. ಬಿಲ್ಲಿನಲ್ಲಿ ಆ ನಂಬರ್ ಬರೆಸಿ.

ಹರಾಜಿನಲ್ಲಿ ಕೊಳ್ಳುವುದಾದರೆ ಕೂಗಿದ ಬೆಲೆಯ ಮೇಲೆ ಕಮಿಷನ್ ಬೇರೆ ಇರುತ್ತದೆ. ಅದನ್ನು ಮರೆತು ಕೈ ಎತ್ತಿ ಆಮೇಲೆ ಒದ್ದಾಡಿದವರನ್ನು ನೋಡಿದ್ದೇನೆ.

ಬಿಳಿಹಾಳೆ

ಹಾಗಾದರೆ ಪಿಕಾಸೊ ಅಚ್ಚುಗಳಲ್ಲಿ ಪೆನ್ಸಿಲ್ ಸಹಿ ಇರುತ್ತಲ್ಲ, ಅದೂ ಅನುಮಾನವೇ?

ಅಂಚೆಚೀಟಿ

ಇಲ್ಲ ಇಲ್ಲ. ಒಂದೊಂದು ಮಾಲೆಗೂ ಅದರದ್ದೇ ಚರಿತ್ರೆ. ಪಿಕಾಸೊ ಅವರ 100 ಚಿತ್ರದ ಮಾಲೆ ಇದೆ, ಅದೂ ವೊಲಾರ್ ಹೆಸರಿನಲ್ಲೇ ಹೆಸರಾಗಿದೆ. ಅದರ ಎಷ್ಟೋ ಹಾಳೆಗಳಿಗೆ ಪಿಕಾಸೊ ವರ್ಷಗಳ ನಂತರ ಪೆನ್ಸಿಲ್ ಸಹಿ ಹಾಕಿಕೊಟ್ಟರು. ಅಲ್ಲಿ ಸಹಿ ಇದ್ದದ್ದೂ ಇದೆ, ಇಲ್ಲದ್ದೂ ಇದೆ. ರುವೋ ಅವರ ಈ ಮಾಲೆ ಹಾಗಲ್ಲ. ಕೊಳ್ಳುವ ಮೊದಲು ಆ ಮಾಲೆ ಹೇಗೆ ಬಿಡುಗಡೆ ಆಯಿತು ಅಂತ ಓದಬೇಕು, ಅಷ್ಟೇ.

ಮಲೆನಾಡ_ಮಂದಿ

ಅಚ್ಚಿನ ವಿಷಯ ನನಗೆ ಗೊತ್ತಿಲ್ಲ. ಗಂಧದ ವಿಷಯ ಗೊತ್ತು. ಒಂದು ತಿದ್ದುಪಡಿ ಕೊಡಲಾ?

ಗಂಧದ ಮರವನ್ನು ಕೊಡಲಿಯಿಂದ ಬುಡಕ್ಕೆ ಕಡಿಯುವುದಿಲ್ಲ. ಬೇರು ಸಮೇತ ಕೀಳುತ್ತಾರೆ. ಬೇರಿನಲ್ಲೂ ಎಣ್ಣೆ ಇರುತ್ತದೆ, ಅದನ್ನು ಬಿಟ್ಟರೆ ನಷ್ಟ. ಮತ್ತೆ ಹೊರಗಿನ ಬಿಳಿ ಮರಕ್ಕೆ ವಾಸನೆ ಇಲ್ಲ, ಒಳಗಿನ ಚೇಗಿಗೆ ಮಾತ್ರ.

ಕೋಠಿಮನೆ

ನಿಜ ಸರ್. ತಾತನ ಕೆಲಸವೇ ಅದು. ಕೋಠಿಗೆ ಬಂದ ತುಂಡುಗಳ ಬಿಳಿಯನ್ನು ಬಾಚಿಯಿಂದ ಕೆತ್ತಿ ಚೇಗು ಉಳಿಸುವುದು. ಒಂದೊಂದು ಏಟೂ ಎಣಿಸಿ ಹಾಕಬೇಕಿತ್ತಂತೆ. ಒಂದು ಎಳೆ ಜಾಸ್ತಿ ಹೋದರೆ ಚೇಗು ಹೋಯಿತು ಅಂತ ಬೈಗುಳ. ಉದುರಿದ ಚಕ್ಕೆ, ಪುಡಿ ಎಲ್ಲ ತೂಕಕ್ಕೆ ಹೋಗುತ್ತಿತ್ತು. ಸಂಜೆ ಮನೆಗೆ ಹೋಗುವಾಗ ಪಂಚೆ ಕೊಡವಿ ಹೋಗಬೇಕಿತ್ತು. ಆದರೆ ವಾಸನೆಯನ್ನು ಯಾರು ಕೊಡವಿಸುತ್ತಾರೆ? ಅದು ಅವರ ಜೊತೆ ಮನೆಗೆ ಬರುತ್ತಿತ್ತು. ಅಜ್ಜಿ ಈಗಲೂ ಹೇಳುತ್ತಾರೆ, ಬಾಗಿಲು ತೆಗೆಯುವ ಮೊದಲೇ ತಾತ ಬಂದದ್ದು ಗೊತ್ತಾಗುತ್ತಿತ್ತು ಅಂತ.

ಮಲೆನಾಡ_ಮಂದಿ

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ.

ಅಂಚೆಚೀಟಿ

ಆ ಶೀರ್ಷಿಕೆಯ ಮಾತು ನಮ್ಮ ಕಡೆ ಬಹಳ ಹಳೆಯದು. ಸಂಸ್ಕೃತದ ಸುಭಾಷಿತದಲ್ಲಿ ಇದೇ ಇದೆ, ಕಡಿದರೂ ಚಂದನದ ಮರ ಕೊಡಲಿಯ ಬಾಯಿಗೆ ಪರಿಮಳ ಕೊಡುತ್ತದೆ ಅಂತ. ನಮ್ಮ ಅಕ್ಕಮಹಾದೇವಿಯ ವಚನದಲ್ಲೂ ಚಂದನ ಬರುತ್ತದೆ. ಕಡಿದು ಕೊರೆದು ತೇದರೆ ಅದು ನೊಂದೆ ಅಂತ ಕಂಪು ಕೊಡುವುದನ್ನು ಬಿಟ್ಟಿತೇ ಎಂದು ಅಕ್ಕ ಕೇಳುತ್ತಾಳೆ. 12ನೇ ಶತಮಾನದ ಮಾತು.

ವಾದಕ್ಕೆವಾದ

ಆದರೆ ಎರಡೂ ಒಂದೇ ಅಲ್ಲ. ಸುಭಾಷಿತದಲ್ಲಿ ಮರ ಕೊಡಲಿಗೆ ಒಳ್ಳೆಯದು ಮಾಡುತ್ತದೆ. ಅಕ್ಕನ ಮಾತಿನಲ್ಲಿ ಕೊಡಲಿಗೆ ಏನು ಸಿಕ್ಕಿತು ಅನ್ನುವುದು ಮುಖ್ಯವೇ ಅಲ್ಲ. ಏನು ಮಾಡಿದರೂ ನಾನು ನನ್ನ ಗುಣ ಬಿಡುವುದಿಲ್ಲ ಅನ್ನುವ ಹಟ ಅದು. ರುವೋ ಹೇಳುತ್ತಿರುವುದು ಮೊದಲನೆಯದು.

ಅಂಚೆಚೀಟಿ

ಸರಿಯಾಗಿ ಹೇಳಿದಿರಿ. ನಾನು ಎರಡನ್ನೂ ಒಟ್ಟಿಗೆ ಕಟ್ಟಿಬಿಟ್ಟಿದ್ದೆ.

ಕಾಗದವೈದ್ಯೆ

ವಿಷಯಕ್ಕೆ ಬರೋಣ. ನನಗೆ ಒಂದು ನೋವು ಇದೆ, ಹೇಳಿಬಿಡುತ್ತೇನೆ. 58 ಹಾಳೆಗಳ ಮಾಲೆಯನ್ನು ಒಡೆದು ಬಿಡಿಯಾಗಿ ಮಾರುವುದು ನನಗೆ ಇಷ್ಟವಿಲ್ಲ. ರುವೋ ಅವನ್ನು ಒಂದು ಕ್ರಮದಲ್ಲಿ ಇಟ್ಟರು. ‘ದೇವರೇ ಕರುಣೆ ತೋರು’ ಅಂತ ಮೊದಲ ಹಾಳೆ. ‘ಅವನ ಗಾಯಗಳಿಂದಲೇ ನಾವು ಗುಣವಾದೆವು’ ಅಂತ 58ನೆಯದು. ನಡುವೆ ಯುದ್ಧ, ಬಡತನ, ಸಾವು. 46ನ್ನು ಮಾತ್ರ ಎತ್ತಿಕೊಂಡರೆ 45ಕ್ಕೂ 47ಕ್ಕೂ ನಡುವೆ ಒಂದು ಹಲ್ಲು ಬಿದ್ದ ಹಾಗೆ. ಒಮ್ಮೆ ಒಡೆದ ಮಾಲೆ ಮತ್ತೆ ಸೇರುವುದಿಲ್ಲ.

ಲಿಯೋನ್_ಕನ್ನಡಿಗ

ಮೇಡಂ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಆ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಬೇಕು. ಸಾಮಾನ್ಯ ಮನೆಯಲ್ಲಿ 58 ದೊಡ್ಡ ಹಾಳೆಗಳನ್ನು ಎಲ್ಲಿ ಇಡುತ್ತಾರೆ? ಪೂರ್ತಿ ಮಾಲೆ ಕೊಳ್ಳುವಷ್ಟು ದುಡ್ಡು ಎಷ್ಟು ಜನರ ಹತ್ತಿರ ಇದೆ? ಬಿಡಿ ಹಾಳೆ ಇರುವುದರಿಂದಲೇ ಹಾಸನದ ಒಂದು ಮನೆಗೆ ರುವೋ ಬರಲು ಸಾಧ್ಯ.

ಕಾಗದವೈದ್ಯೆ

ಈಗಾಗಲೇ ಒಡೆದದ್ದನ್ನು ಕೊಳ್ಳುವುದಕ್ಕೆ ನನ್ನ ವಿರೋಧ ಇಲ್ಲ. ಪೂರ್ತಿ ಇರುವುದನ್ನು ಹೊಸದಾಗಿ ಒಡೆಯುವವರಿಂದ ಕೊಳ್ಳಬೇಡಿ ಅಂತ ಮಾತ್ರ. ವ್ಯಾಪಾರಿಗೆ ಕೇಳಿ, ಈ ಹಾಳೆ ಎಲ್ಲಿಂದ ಬಂತು ಅಂತ.

ತಾಮ್ರದತಗಡು

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಬಿಳಿಹಾಳೆ

ಒಂದು ಸಣ್ಣ ಪ್ರಶ್ನೆ. ನಂಬರ್ 1 ಇದ್ದರೆ 450ಕ್ಕಿಂತ ಒಳ್ಳೆಯದಾ?

ತಾಮ್ರದತಗಡು

ಹಾಗೇನಿಲ್ಲ. ಅಚ್ಚು ತೆಗೆದ ಕ್ರಮದಲ್ಲೇ ನಂಬರ್ ಹಾಕುತ್ತಾರೆ ಅಂತ ಹೇಳಲಾಗದು. ಒಣಗಿದ ಹಾಳೆಗಳನ್ನು ಜೋಡಿಸುವಾಗ ಮೇಲೆ ಕೆಳಗೆ ಆಗುತ್ತದೆ. ಆದರೆ ಡ್ರೈಪಾಯಿಂಟ್ ಗೆರೆಯ ಪಕ್ಕದ ತಾಮ್ರದ ಸಿಬಿರು ಪ್ರತಿ ಅಚ್ಚಿಗೂ ಸವೆಯುತ್ತದೆ. ಹಾಗಾಗಿ ನಂಬರ್ ನೋಡಬೇಡಿ, ಕಪ್ಪು ನೋಡಿ. ಎರಡು ಪ್ರತಿ ಪಕ್ಕಪಕ್ಕ ಇಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ.

ಮಂಗಳೂರು_ಮಳೆ

ರುವೋ ಚಿತ್ರಗಳ ಫೋಟೋ ಈಗಷ್ಟೇ ನೋಡಿದೆ. ಆ ದಪ್ಪ ಕಪ್ಪು ಗೆರೆ ನೋಡಿದರೆ ಚರ್ಚಿನ ಬಣ್ಣದ ಗಾಜಿನ ಕಿಟಕಿ ನೆನಪಾಗುತ್ತದೆ ಅಲ್ವಾ?

ಲಿಯೋನ್_ಕನ್ನಡಿಗ

ಸರಿಯಾಗಿಯೇ ನೆನಪಾಗಿದೆ! 14ನೇ ವಯಸ್ಸಿನಲ್ಲಿ ಅವರು ಕೆಲಸಕ್ಕೆ ಸೇರಿದ್ದು ಬಣ್ಣದ ಗಾಜಿನ ಕಿಟಕಿ ರಿಪೇರಿ ಮಾಡುವವರ ಹತ್ತಿರ. ಗಾಜುಗಳನ್ನು ಹಿಡಿದಿಡುವ ಸೀಸದ ಪಟ್ಟಿ ಇರುತ್ತದಲ್ಲ, ಆ ಕಪ್ಪು ಅವರ ಗೆರೆಯಲ್ಲಿ ಕೊನೆವರೆಗೂ ಉಳಿಯಿತು. ಆಮೇಲೆ ಚಿತ್ರಕಾರ ಗುಸ್ತಾವ್ ಮೊರೋ ಅವರ ಶಿಷ್ಯ ಆದರು. ಗುರು ತೀರಿಕೊಂಡ ಮೇಲೆ ಗುರುಗಳ ಮನೆಯೇ ಮ್ಯೂಸಿಯಂ ಆಯಿತು, ರುವೋ ಅದರ ಮೊದಲ ಕ್ಯುರೇಟರ್.

ಇನ್ನೊಂದು ಘಟನೆ ಹೇಳದೆ ಇರಲಾರೆ. 1917ರಲ್ಲಿ ರುವೋ ಸ್ಟುಡಿಯೋದಲ್ಲಿದ್ದ ಚಿತ್ರಗಳನ್ನೆಲ್ಲ ವೊಲಾರ್ ಒಟ್ಟಿಗೆ ಕೊಂಡರು. ಬಹುಪಾಲು ಅರ್ಧಂಬರ್ಧ ಆದವು. ವೊಲಾರ್ ತೀರಿದ ಮೇಲೆ ವಾರಸುದಾರರು ಅವು ನಮ್ಮವು ಅಂದರು. ರುವೋ ಕೋರ್ಟಿಗೆ ಹೋದರು. ಮುಗಿಸದ ಚಿತ್ರ ಕಲಾವಿದನದ್ದೇ ಅಂತ 1947ರಲ್ಲಿ ಗೆದ್ದರು. ವಾಪಸ್ ಸಿಕ್ಕವುಗಳಲ್ಲಿ 315 ಚಿತ್ರಗಳನ್ನು 1948ರ ನವೆಂಬರಿನಲ್ಲಿ, ಕೋರ್ಟಿನ ಅಧಿಕಾರಿಯ ಎದುರು ಬೆಂಕಿಗೆ ಹಾಕಿದರು. ಇನ್ನು ಈ ವಯಸ್ಸಿನಲ್ಲಿ ಮುಗಿಸಲು ಆಗುವುದಿಲ್ಲ, ಮುಗಿಸದ್ದು ನನ್ನ ಹೆಸರಲ್ಲಿ ಹೊರಗೆ ಹೋಗಬಾರದು ಅಂತ. ‘ಮಿಸೆರೆರೆ’ ಬಿಡುಗಡೆ ಆದ ಅದೇ ವರ್ಷ!

ವಾದಕ್ಕೆವಾದ

315 ಚಿತ್ರ ಸುಟ್ಟರಾ? ಅಯ್ಯೋ. ಅವು ಅವರದ್ದೇ, ಹಕ್ಕು ಇದೆ, ಒಪ್ಪುತ್ತೇನೆ. ಆದರೂ ಹೊಟ್ಟೆ ಉರಿಯುತ್ತದೆ.

ತಾಮ್ರದತಗಡು

ನನಗೆ ಅದು ಅರ್ಥವಾಗುತ್ತದೆ. ಅಚ್ಚು ಮುಗಿದ ಮೇಲೆ ನನ್ನ ತಗಡಿನ ಮೇಲೆ ನಾನೇ ಅಡ್ಡಗೀರು ಎಳೆಯುತ್ತೇನೆ. ಮೊದಲ ಸಲ ಎಳೆದಾಗ ಕೈ ನಡುಗಿತ್ತು. ಮೂರು ತಿಂಗಳ ಕೆಲಸ ಅದು. ಆದರೆ 20 ಪ್ರತಿ ಅಂತ ಮಾತು ಕೊಟ್ಟ ಮೇಲೆ 21ನೆಯದು ಬರಬಾರದು. ಆ ಗೀರು ಎಳೆದರೆ ಮಾತ್ರ ಕೊಂಡವರಿಗೆ ನಾನು ಮುಖ ತೋರಿಸಬಹುದು.

ಕೋಠಿಮನೆ

ಮೂರು ದಿನ ಆಯಿತು. ಉತ್ತರ ಬಂದಿದೆ.

ಸಹಿ ಇರುವ ಹಾಳೆಯವರು ಅಳತೆ ಕಳಿಸಿದರು. ಚಿತ್ರದ ಎತ್ತರ 22 ಸೆಂಟಿಮೀಟರ್! ಹತ್ತಿರದಿಂದ ತೆಗೆದ ಒಂದು ಫೋಟೋ ಕೂಡ ಕಳಿಸಿದ್ದರು. ಬೂದು ಇರುವ ಕಡೆಯೆಲ್ಲ ಸಾಲು ಸಾಲು ಚುಕ್ಕೆ. ಇದು ಪುಸ್ತಕದ ಪುಟ ಅಲ್ವಾ, ಸಹಿ ಯಾರದ್ದು ಅಂತ ಕೇಳಿದೆ. ಆಮೇಲೆ ಉತ್ತರವೇ ಇಲ್ಲ. ಮರುದಿನ ನೋಡಿದರೆ ಜಾಹೀರಾತೂ ಇಲ್ಲ.

ಪ್ಯಾರಿಸ್ಸಿನವರು ಒಂಬತ್ತು ಫೋಟೋ ಕಳಿಸಿದ್ದಾರೆ. ಅಳತೆ ಸರಿಯಿದೆ. ಓರೆ ಬೆಳಕಿನಲ್ಲಿ ತಗಡಿನ ತಗ್ಗು ನಾಲ್ಕೂ ಕಡೆ ಕಾಣುತ್ತದೆ. ಬೆಳಕಿಗೆ ಹಿಡಿದ ಫೋಟೋದಲ್ಲಿ ಗೆರೆಗಳು, ವೊಲಾರ್ ಹೆಸರು. ಹಾಳೆ 1970ರ ದಶಕದಲ್ಲೇ ಬಿಡಿಯಾಗಿ ಕೊಂಡವರ ಮನೆಯಿಂದ ಬಂದದ್ದಂತೆ, ಹಳೆಯ ಬಿಲ್ಲಿನ ಫೋಟೋ ಕೂಡ ಇದೆ. ಆದರೆ ಅಂಚಿನಲ್ಲಿ ಸುತ್ತ ಕಂದು ಗೆರೆ ಇದೆ. ಇದು ಏನು ಮೇಡಂ?

ಕಾಗದವೈದ್ಯೆ

ಹಳೆಯ ಮೌಂಟ್ ಬೋರ್ಡಿನ ಆಸಿಡ್ ಸುಟ್ಟ ಗುರುತು. ಚಿತ್ರದ ಒಳಗೆ ಬಂದಿಲ್ಲ ಅಂದರೆ ಹೆದರಬೇಡಿ. ಬೆಲೆ ಸ್ವಲ್ಪ ಇಳಿಸಲು ಕೇಳಿ, ಅದು ನ್ಯಾಯವೇ. ಬಂದ ಮೇಲೆ ಬ್ಲೀಚ್ ಮಾಡಿಸಲು ಹೋಗಬೇಡಿ. ಆಸಿಡ್ ಇಲ್ಲದ ಹತ್ತಿ ಬೋರ್ಡ್ ಹಾಕಿಸಿ. ಗಾಜಿಗೂ ಹಾಳೆಗೂ ನಡುವೆ ಅಂತರ ಇರಲಿ. ಸೆಲ್ಲೋಟೇಪ್ ಹತ್ತಿರವೂ ಬರಬಾರದು, ಗೋಧಿ ಹಿಟ್ಟಿನ ಅಂಟಿನಿಂದ ತೆಳು ಜಪಾನಿ ಕಾಗದದ ಕೀಲು ಹಾಕಬೇಕು. ಹೊರಗೋಡೆಗೆ ತೂಗುಹಾಕಬೇಡಿ, ಮಳೆಗಾಲದಲ್ಲಿ ತೇವ ಎಳೆಯುತ್ತದೆ.

ಮಂಗಳೂರು_ಮಳೆ

ಹೊರಗೋಡೆ ವಿಷಯ ನೂರಕ್ಕೆ ನೂರು ಸತ್ಯ. ಅಪ್ಪನ ಪದವಿ ಪ್ರಮಾಣಪತ್ರ ಹಾಗೇ ಹೋಯಿತು.

ಸುಂಕದಕಟ್ಟೆ

ಬಿಲ್ ಕಳಿಸುವ ಮೊದಲು ನನಗೆ ಖಾಸಗಿಯಾಗಿ ತೋರಿಸಿ. ವಿವರಣೆ ಹೇಗಿರಬೇಕು ಅಂತ ಹೇಳುತ್ತೇನೆ. ದಪ್ಪ ಬೋರ್ಡ್ ನಡುವೆ ಚಪ್ಪಟೆಯಾಗಿ ಕಳಿಸಲು ಹೇಳಿ, ಸುರುಳಿ ಸುತ್ತಿ ಬೇಡ.

ಕೋಠಿಮನೆ

820ಕ್ಕೆ ಒಪ್ಪಿದರು. ದುಡ್ಡು ಕಳಿಸಿದ್ದೇನೆ. ಎಲ್ಲರಿಗೂ ಕೈಮುಗಿದೆ.

ಅಜ್ಜಿಗೆ ಫೋನಿನಲ್ಲಿ ಚಿತ್ರದ ಹೆಸರು ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಾತ ಬಿಟ್ಟುಹೋದ ಒಂದು ಗಂಧದ ಚಕ್ಕೆ ದೇವರ ಮನೆಯಲ್ಲಿದೆ, ಅದನ್ನು ಆ ಚಿತ್ರದ ಫ್ರೇಮಿನ ಒಳಗೆ ಇಡು ಅಂದರು. ಇಡಬಹುದಾ ಮೇಡಂ?

ಕಾಗದವೈದ್ಯೆ

ಫ್ರೇಮಿನ ಒಳಗೆ ಬೇಡ. ಮರದಿಂದ ಬರುವ ಎಣ್ಣೆ, ಆವಿ ಕಾಗದಕ್ಕೆ ಒಳ್ಳೆಯದಲ್ಲ. ಎದುರಿಗೆ ಒಂದು ಪುಟ್ಟ ಹಲಗೆ ಹೊಡೆಸಿ, ಅದರ ಮೇಲೆ ಇಡಿ. ಅಜ್ಜಿಗೆ ನಾನು ಹೇಳಿದೆ ಅಂತ ಹೇಳಿ.

ಕೋಠಿಮನೆ

ಹೇಳಿದೆ. ಹಲಗೆಯಾದರೆ ಬಾಚಿಯನ್ನೂ ಅಟ್ಟದಿಂದ ಇಳಿಸಿ ಅಲ್ಲೇ ಇಡು ಅಂದರು.